ಪೊರೆ

ಒಣಸೇತುವೆ ಎಂದು ಅದರ ಹೆಸರು, ಟಿಬಿಲಿಸಿಯಲ್ಲಿ.
ಕೆಳಗೆ ಹರಿಯುತ್ತಿದ್ದ ಕವಲು ಬತ್ತಿ ಎಷ್ಟೋ ಕಾಲ;
ಈಗ ಮೇಲೆ ಹರಿಯುವುದು ಹಳೇ ಸಾಮಾನು:
ಪದಕ, ಪಿಂಗಾಣಿ, ಯಾರದೋ ಅಜ್ಜನ ದುರ್ಬೀನು,
ಜೋಡಿಗೆ ಕಾಯುತ್ತ ಕೂತ ಒಂಟಿ ಕಿವಿಯೋಲೆ.

ಅಂಬ್ರೋಸಿಯ ಕಂಬಳಿಯ ಮೂಲೆಯಲ್ಲಿ ಅದಿತ್ತು,
ತೊಂಬತ್ತು ಮಿಲಿಮೀಟರಿನ ಮ್ಯಾಕ್ರೋ.
ಆರುನೂರು ಲಾರಿ ಅಂದ.
ಲಾರಿ ಅಂದರೆ ಅಲ್ಲಿ ದುಡ್ಡು;
ಪಿಕ್ರಿಯಾಳಿಗೆ ಮಾತ್ರ ಅದು ನಿಜಕ್ಕೂ ಲೋಡೇ.
"ಫಂಗಸ್ ಇಲ್ಲ, ಗೀರಿಲ್ಲ, ಮಂಜಿಲ್ಲ.
ನನ್ನ ಎರಡೂ ಕಣ್ಣಾಣೆ."

ಎರಡು ಕೆಲಸಕ್ಕೆ ಒಂದೇ ಲೆನ್ಸು ಬೇಕಿತ್ತು ಅವಳಿಗೆ:
ವಾರವಿಡೀ ಅಕ್ಕನ ಮೀನಾಕಾರಿ ಒಡವೆ,
ಭಾನುವಾರ ಮದುವೆಯಾಗುವವರ ಮುಖ.
ಕೊಡೆ ಒತ್ತೆಯಿಟ್ಟು ಅರ್ಧ ಗಂಟೆ ಪಡೆದಳು.

ಮೊದಲು ಜೇಬಿನ ಬ್ರೋಚು, ಕಟ್ಟೆಗಲ್ಲಿನ ಮೇಲೆ.
ಹತ್ತಿರ, ಇನ್ನೂ ಹತ್ತಿರ,
ಲೆನ್ಸಿನ ನೆರಳೇ ಒಡವೆಯ ಮೇಲೆ ಬೀಳುವಷ್ಟು.
ಉಸಿರು ಬಿಟ್ಟರೆ ಫೋಕಸ್ಸು ಊರಾಚೆ.
ಉಸಿರು ಹಿಡಿದರೆ
ಬೆಳ್ಳಿಯ ತಂತಿ ಗದ್ದೆಯ ಬದುವಾಗಿ ಎದ್ದಿತು,
ನೀಲಿಯೊಳಗೊಂದು ಗುಳ್ಳೆ, ಸಾಸಿವೆಯಲ್ಲಿ ಸಾಸಿರದ ಪಾಲು,
ಅಕ್ಕ ಯಾರಿಗೂ ಹೇಳದೆ ಬಿಟ್ಟ ತಪ್ಪು.
ಎಫ್ ಎಂಟರಲ್ಲಿ ಮೂಲೆಯಿಂದ ಮೂಲೆಗೆ ಚೂಪು.
ಹದಿನಾರಕ್ಕೆ ಇಳಿಸಿದರೆ ತುಸು ಮೊಂಡು, ಅದು ಎಲ್ಲದರ ಹಣೆಬರಹ.
ಉಂಗುರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ,
ಜೇನಿನಲ್ಲಿ ಸೌಟು ತಿರುಗಿದ ಹಾಗೆ.
ಆಟೋಫೋಕಸ್ಸಿಗೆ ಬಿಟ್ಟಿರೋ,
ಕನ್ನಡಕ ನೆತ್ತಿಯ ಮೇಲಿಟ್ಟು ಮನೆಯೆಲ್ಲ ಹುಡುಕುವ ಮಾವ.

ಆಮೇಲೆ ಬಿಸಿಲಿಗೆ ಎದುರಾಗಿ ಹಿಡಿದಳು.
ಕಪ್ಪು ಕಪ್ಪಾಗಿರಲಿಲ್ಲ, ಹಾಲು ತಾಗಿದ ಚಹಾ.
ಫೋನಿನ ಟಾರ್ಚು ಹಿಂದಿನಿಂದ ಬಿಟ್ಟು ಇಣುಕಿದಳು:
ಎರಡನೆಯ ಗಾಜಿಗೂ ಮೂರನೆಯದಕ್ಕೂ ನಡುವೆ
ಪೊರೆ.
ಯಾರೋ ಉಸಿರೂದಿ ಮರೆತಂಥದ್ದು,
ಒರೆಸಲು ಬೆರಳು ಹೋಗದ ಜಾಗ.

ಕಣ್ಣಾಣೆ ಅಂದಿದ್ದನಲ್ಲ ಮುದುಕ!
ನಾನೂರಕ್ಕೆ ಇಳಿಸುವ ಮಾತನ್ನು ನಾಲಿಗೆಯ ಮೇಲೆ ಮಸೆಯುತ್ತ
"ಮುಖವೊಂದು ತೆಗೆದು ನೋಡಬೇಕು, ಕೂರಿ" ಅಂದಳು.
ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಕಾಲರು ಸರಿಮಾಡಿದ.
ತನ್ನ ಸಾಮಾನಿನೊಳಗೆ ತಾನೇ ಹೋಗುವುದು
ಮಾರುವವನಿಗೆ ಹೊಸತು.

ಎರಡು ಪಾಯಿಂಟ್ ಎಂಟು: ರೆಪ್ಪೆ ಹರಿತ, ಕಿವಿ ಆಗಲೇ ಹೊಗೆ.
ಮುಖದಾಕ್ಷಿಣ್ಯ ಗೊತ್ತಿಲ್ಲ ಇಂಥ ಲೆನ್ಸಿಗೆ.
ಕ್ಷೌರಕ್ಕೆ ತಪ್ಪಿಸಿಕೊಂಡ ಮೂರು ಕೂದಲು,
ಮೂಗಿನ ಮೇಲೆ ಕೆಂಪು ನಾಳಗಳ ನಕ್ಷೆ,
ತುಟಿಯಂಚಿನಲ್ಲಿ ಬೆಳಗಿನ ರೊಟ್ಟಿಯ ಹಿಟ್ಟು.
ಮದುವಣಗಿತ್ತಿಯರು ಅಳುತ್ತಾರೆ, ಗ್ಯಾರಂಟಿ.
ಚಿತ್ರ ಹಿಗ್ಗಿಸಿ ಹಿಗ್ಗಿಸಿ ಕಣ್ಣ ಪಾಪೆಗೆ ಬಂದಳು.
ಬೂದಿ.
ಲೆನ್ಸಿನದು ಅಂದುಕೊಂಡಳು.
ಚೀಲದ ಹಳೇ ಐವತ್ತನ್ನು ತೊಡಿಸಿ ತೆಗೆದಳು: ಬೂದಿ.
ಮಗ್ಗುಲು ತಿರುಗಿಸಿ, ನೆರಳಲ್ಲಿ: ಎಡಗಣ್ಣಿಗೆ ಇನ್ನೂ ದಟ್ಟ.
ಮತ್ತೆ ಮ್ಯಾಕ್ರೋ, ಪಕ್ಕದ ಪದಕದ ಹುಡುಗನ ಕಣ್ಣಿಗೆ:
ಕಪ್ಪು, ಬಾವಿಯಷ್ಟು ಕಪ್ಪು.

ಪರೀಕ್ಷೆ ಮುಗಿಯಿತು.
ಸುಳ್ಳು ಹೇಳಿರಲಿಲ್ಲ ಆತ.
ಪೊರೆಯ ಮೂಲಕ ಪೊರೆ ಕಾಣುವುದಿಲ್ಲ.

ಕ್ಯಾಮೆರಾದ ತೆರೆಯನ್ನು ಅವನತ್ತ ಹಿಡಿದಳು.
"ಚೆನ್ನಾಗಿದೆ" ಅಂದ, ಕುತ್ತಿಗೆ ಹಿಂದಕ್ಕೆಳೆದು,
"ನಿನ್ನ ತೆರೆ ಮಾತ್ರ ಮಸುಕು. ಒರೆಸಿಕೊ."
ಅಂಗಿಯ ತುದಿಯಿಂದ ಒರೆಸಿದಳು. "ಈಗ?"
"ಈಗ ಪರವಾಗಿಲ್ಲ."

ಐನೂರಕ್ಕೆ ಮುಗಿಯಿತು. ನೋಟುಗಳನ್ನು ಅವನು
ನೋಡಿ ಎಣಿಸಲಿಲ್ಲ, ಅಂಚು ಸವರಿ ಎಣಿಸಿದ.
ಲೆನ್ಸು ಸುತ್ತಿಕೊಟ್ಟ ಪತ್ರಿಕೆಯಿಂದ ಚೂರು ಹರಿದು
ಹೆಬ್ಬೆರಳಿನಷ್ಟು ಅಕ್ಷರದಲ್ಲಿ ಒಂದು ವಿಳಾಸ ಬರೆದಳು.
"ಯಾವ ಅಂಗಡಿ?"
"ಗಾಜು ಒರೆಸುವವರದು. ಒಳಗಿನಿಂದ."
"ನನ್ನ ಸಾಮಾನಿನಲ್ಲಿ ಒರೆಸುವುದೇನಿದೆ" ಎನ್ನುತ್ತಲೇ
ಮಡಿಸಿ, ಟೋಪಿಯೊಳಗೆ ಇಟ್ಟುಕೊಂಡ.

ಕೊಡೆ ಕೇಳಲು ಅವಳು ಮರೆತಳು,
ಕೊಡಲು ಅವನು.